ಎಣಿಸಿದರು, ಹೆಸರು ಉಳಿಸಲಿಲ್ಲ

ಜನಗಣತಿಯ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಎತ್ತುತ್ತಾರೆ: 1931ರ ಗಣತಿಯಲ್ಲಿ ನಮ್ಮ ಮುತ್ತಾತನ ಹೆಸರು ಹುಡುಕಲು ಬರುತ್ತದೆಯೇ? ಎಲ್ಲಿ ಅರ್ಜಿ ಹಾಕಬೇಕು? ಉತ್ತರ ಚಿಕ್ಕದು. ಬರುವುದಿಲ್ಲ. ಆ ವರ್ಷದ ಜಾತಿವಾರು ಕೋಷ್ಟಕಗಳು ಇಂದಿಗೂ ಮೀಸಲಾತಿಯ ವಾದಗಳಲ್ಲಿ ಓಡಾಡುತ್ತಿವೆ, ವರದಿಯ ಸಂಪುಟಗಳು ದೊಡ್ಡ ಗ್ರಂಥಾಲಯಗಳಲ್ಲಿ ಕೈಗೆ ಸಿಗುತ್ತವೆ. ಆದರೆ ಆ ಅಂಕಿಗಳೊಳಗೆ ಸೇರಿಹೋದ ಮನುಷ್ಯರ ಹೆಸರುಗಳನ್ನು ಯಾರೂ ಕಾಪಾಡಲಿಲ್ಲ.

ಹೆಸರು ಕೇಳಿರಲಿಲ್ಲ ಎಂದೇನಲ್ಲ. 1872ರಲ್ಲಿ ಬೇರೆ ಬೇರೆ ಪ್ರಾಂತ್ಯಗಳ ಎಣಿಕೆಯನ್ನು ಒಟ್ಟುಗೂಡಿಸಿದ ಬ್ರಿಟಿಷ್ ಸರ್ಕಾರ, 1881ರ ಫೆಬ್ರವರಿ 17ರ ರಾತ್ರಿ ಇಡೀ ದೇಶವನ್ನು ಒಂದೇ ಸಲಕ್ಕೆ ಎಣಿಸಲು ಹೊರಟಿತು. ಅಲ್ಲಿಂದ ಮುಂದೆ ಹತ್ತು ವರ್ಷಕ್ಕೊಮ್ಮೆ ಗಣತಿದಾರರು ಮನೆ ಮನೆಯ ಜಗಲಿಗೆ ಬಂದು ಹೆಸರು, ವಯಸ್ಸು, ಜಾತಿ, ಕಸುಬು, ಮನೆಮಾತು, ಹುಟ್ಟಿದ ಊರಿನ ಜಿಲ್ಲೆ ಇವನ್ನೆಲ್ಲ ಬರೆದುಕೊಂಡು ಹೋದರು. 1901ರಿಂದ ಚೀಟಿ ಪದ್ಧತಿ ಬಂತು. ಹಾಳೆಯಲ್ಲಿದ್ದ ಒಬ್ಬೊಬ್ಬರ ವಿವರವನ್ನೂ ಒಂದೊಂದು ಸಣ್ಣ ಚೀಟಿಗೆ ಇಳಿಸುವುದು, ಆ ಚೀಟಿಗಳನ್ನು ಗೂಡುಗೂಡಾಗಿ ವಿಂಗಡಿಸಿ ಎಣಿಸುವುದು. ಧರ್ಮಕ್ಕೊಂದು ಬಣ್ಣದ ಚೀಟಿ. ಗಂಡೋ ಹೆಣ್ಣೋ, ಮದುವೆಯಾಗಿದೆಯೋ ಇಲ್ಲವೋ ಎಂಬುದಕ್ಕೆ ಚೀಟಿಯ ಮೇಲೊಂದು ಗುರುತು. ಎಣಿಕೆಗೆ ಬೇಕಾದದ್ದಷ್ಟೇ ಚೀಟಿಗೆ ಇಳಿಯುತ್ತಿತ್ತು. ಎಣಿಸುವವನಿಗೆ ಹೆಸರಿನಿಂದ ಏನು ಕೆಲಸ? ಅದು ಮೂಲ ಹಾಳೆಯಲ್ಲೇ ಉಳಿಯಿತು. ಕೋಷ್ಟಕ ಸಿದ್ಧವಾದ ಮೇಲೆ ಆ ಹಾಳೆಗಳೂ ವಿಲೇವಾರಿಯಾದವು. ಸರ್ಕಾರಕ್ಕೆ ಬೇಕಿದ್ದದ್ದು ಮೊತ್ತ, ಅದು ಸಿಕ್ಕಿತ್ತು.

ಹೀಗೆ ಕಳೆದುಹೋದದ್ದು ಎಂಥದ್ದು ಎಂದು ತಿಳಿಯಬೇಕಾದರೆ ಮೈಸೂರಿನ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 1871ರ ಎಣಿಕೆಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷ. ನಡುವೆ ಬಂದದ್ದು ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಎಷ್ಟೋ ಕಾಲ ವಯಸ್ಸಿನ ಲೆಕ್ಕವೇ ಅದರಿಂದ ಹೊರಡುತ್ತಿತ್ತು, ಬರಕ್ಕೆ ಮೊದಲು ಹುಟ್ಟಿದವರು, ಬರ ಕಳೆದ ಮೇಲೆ ಹುಟ್ಟಿದವರು ಎಂದು. ಎಂಟು ಲಕ್ಷ ಜನ ಕಡಿಮೆಯಾದರು ಎಂದು ಗಣತಿ ನಮಗೆ ಹೇಳುತ್ತದೆ. ಅವರಲ್ಲಿ ಒಬ್ಬರ ಹೆಸರನ್ನೂ ಹೇಳಲಾರದು. ಯಾವ ಮನೆ ಬಾಗಿಲು ಮುಚ್ಚಿತು, ಯಾವ ಮಗು ಒಂದೇ ಉಳಿದು ಸೋದರಮಾವನ ಮನೆ ಸೇರಿತು, ಆ ಮಗುವಿನ ಮೊಮ್ಮಕ್ಕಳು ಇಂದು ಯಾರು ಎಂದು ಹುಡುಕಲು ದಾರಿಯಿಲ್ಲ.

ಬೇರೆ ಕೆಲವು ದೇಶಗಳು ಇದೇ ಹಾಳೆಗಳನ್ನು ಜೋಪಾನ ಮಾಡಿದವು. ಇಂಗ್ಲೆಂಡಿನಲ್ಲಿ 1841ರಿಂದ ಮನೆಯವರೆಲ್ಲರ ಹೆಸರಿರುವ ಹಾಳೆಗಳಿವೆ. ನೂರು ವರ್ಷ ಬೀಗ ಹಾಕಿಟ್ಟು ಆಮೇಲೆ ಸಾರ್ವಜನಿಕರಿಗೆ ತೆರೆಯುತ್ತಾರೆ. 1921ರ ಗಣತಿ 2022ರ ಜನವರಿಯಲ್ಲಿ ಹಾಗೆ ಹೊರಬಂತು. 1931ರದ್ದು ಬರುವುದಿಲ್ಲ, 1942ರ ಬೆಂಕಿಯಲ್ಲಿ ಅಷ್ಟೂ ಸುಟ್ಟುಹೋಯಿತು. ಐರ್ಲೆಂಡಿನ ಕಥೆ ಇನ್ನೂ ದಾರುಣ. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿ ಹೊತ್ತಿ ಉರಿದಾಗ 1821ರಿಂದ 1851ರವರೆಗಿನ ಗಣತಿಯ ಬಹುಪಾಲು ಬೂದಿಯಾಯಿತು. 1881 ಮತ್ತು 1891ರ ಹಾಳೆಗಳನ್ನು ಅದಕ್ಕೂ ಮೊದಲೇ, ಮೊದಲ ಮಹಾಯುದ್ಧದ ಕಾಗದದ ಅಭಾವದಲ್ಲಿ, ಸರ್ಕಾರವೇ ರದ್ದಿಗೆ ಹಾಕಿತ್ತು. ಉಳಿದ 1901 ಮತ್ತು 1911ರ ಗಣತಿಯನ್ನು ಐರಿಷ್ ಜನ ಈಗ ಅಂತರ್ಜಾಲದಲ್ಲಿ ದುಡ್ಡು ಕೊಡದೆ ನೋಡಬಹುದು.

ಅಮೆರಿಕದಲ್ಲಿ ಬೀಗದ ಅವಧಿ 72 ವರ್ಷ. 1950ರ ಗಣತಿ 2022ರ ಏಪ್ರಿಲ್ 1ರಂದು ತೆರೆಯಿತು. ಹಾಳೆಯಲ್ಲಿ ಹೆಸರಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರವನ್ನು ಅಲ್ಲಿನ ಕಪ್ಪು ಜನರಷ್ಟು ಅರಿತವರು ಇರಲಾರರು. 1790ರಿಂದ 1840ರವರೆಗೆ ಅಮೆರಿಕದ ಗಣತಿಯಲ್ಲಿ ಹೆಸರಿದ್ದದ್ದು ಮನೆಯ ಯಜಮಾನನಿಗೆ ಮಾತ್ರ. 1850ರಲ್ಲಿ ಸ್ವತಂತ್ರರಾದ ಪ್ರತಿಯೊಬ್ಬರ ಹೆಸರನ್ನೂ ಬರೆಯತೊಡಗಿದರು. ಗುಲಾಮರಿಗೆ ಬೇರೆ ಹಾಳೆ. ಅದರಲ್ಲಿ ಒಡೆಯನ ಹೆಸರು ಮೊದಲು, ಅದರ ಕೆಳಗೆ ಸಾಲು ಸಾಲಾಗಿ ವಯಸ್ಸು, ಲಿಂಗ, ಮೈಬಣ್ಣ. ತಪ್ಪಿಸಿಕೊಂಡು ಓಡಿಹೋದವರಿದ್ದರೆ ಅದಕ್ಕೊಂದು ಅಂಕಣ. ಮನುಷ್ಯರ ಹೆಸರಿಗೆ ಜಾಗವಿರಲಿಲ್ಲ. 1860ರಲ್ಲಿ ಹೀಗೆ ಎಣಿಸಲ್ಪಟ್ಟವರು 39 ಲಕ್ಷಕ್ಕೂ ಹೆಚ್ಚು. ಸಂಸತ್ತಿನ ಸ್ಥಾನಗಳನ್ನು ರಾಜ್ಯಗಳಿಗೆ ಹಂಚುವಾಗ ಇವರಲ್ಲಿ ಐವರನ್ನು ಮೂವರೆಂದು ಲೆಕ್ಕ ಹಿಡಿಯುತ್ತಿದ್ದರು. ಅದಕ್ಕೆ ಎಣಿಕೆ ಸಾಕಾಗಿತ್ತು, ಹೆಸರು ಬೇಕಿರಲಿಲ್ಲ.

ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಮೇಲೆ ನಡೆದ ಮೊದಲ ಗಣತಿ 1870ರದ್ದು. ಬಿಡುಗಡೆಯಾದವರ ಹೆಸರು ಹಾಳೆಗೆ ಬಂದದ್ದು ಆಗ. ಇಂದು ವಂಶದ ಬೇರು ಹುಡುಕಲು ಕೂತ ಕಪ್ಪು ಕುಟುಂಬಗಳು ಹಿಂದೆ ಹಿಂದೆ ನಡೆದು ಆ ವರ್ಷಕ್ಕೆ ಬಂದು ನಿಲ್ಲುತ್ತವೆ. ಅದರಾಚೆ ಗೋಡೆ. ಗೋಡೆ ದಾಟಬೇಕಾದರೆ ಒಡೆಯನ ಉಯಿಲು, ಆಸ್ತಿ ಪಟ್ಟಿ, ಕ್ರಯಪತ್ರಗಳನ್ನು ತಡಕಬೇಕು; ಅಂದರೆ ತನ್ನ ಅಜ್ಜಿಯನ್ನು ದನಕರು ಪಾತ್ರೆಪಗಡೆಗಳ ನಡುವೆ ಹುಡುಕಬೇಕು.

ಇದು ಅಲಂಕಾರದ ಮಾತಲ್ಲ. ಬರಾಕ್ ಒಬಾಮಾ ಅಧ್ಯಕ್ಷರಾದ ವರ್ಷ, 2009ರಲ್ಲಿ, ಮೇಗನ್ ಸ್ಮೋಲೆನ್ಯಾಕ್ ಎಂಬ ವಂಶಾವಳಿ ತಜ್ಞೆ ಮತ್ತು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಸೇರಿ ಮಿಶೆಲ್ ಒಬಾಮಾ ಅವರ ತಾಯಿಯ ಕಡೆಯ ವಂಶವನ್ನು ಹಿಂದಕ್ಕೆ ಹುಡುಕುತ್ತ ಹೋದರು. ದಾರಿ ಹೋಗಿ ಮುಟ್ಟಿದ್ದು ಮೆಲ್ವಿನಿಯಾ ಎಂಬ ಹುಡುಗಿಯನ್ನು. 1850ರಲ್ಲಿ ದಕ್ಷಿಣ ಕೆರೊಲಿನಾದ ಮುದಿ ಜಮೀನುದಾರನೊಬ್ಬ ಉಯಿಲು ಬರೆಸಿದ. ನೂಲುವ ರಾಟೆ, ಕುಡುಗೋಲು, ಮೇಜುಬಟ್ಟೆ, ದನ ಇವುಗಳ ಜೊತೆಗೆ ಆರು ವರ್ಷದ ಈ ಹುಡುಗಿಯೂ ವಾರಸುದಾರರ ಪಾಲಿಗೆ ಬಂದಳು. ಸ್ವಲ್ಪ ಕಾಲದ ಮೇಲೆ ಅವಳಿಗೆ ಕಟ್ಟಿದ ಬೆಲೆ 475 ಡಾಲರ್. ಜಮೀನುದಾರ ತೀರಿಕೊಂಡಾಗ ಅವಳನ್ನು ಜಾರ್ಜಿಯಾದಲ್ಲಿದ್ದ ಅವನ ಮಗಳು ಅಳಿಯನ ಹೊಲಕ್ಕೆ ಸಾಗಿಸಿದರು. ಅಳಿಯನ ಮನೆತನದ ಹೆಸರು ಶೀಲ್ಡ್ಸ್.

1870ರ ಹಾಳೆಯಲ್ಲಿ ಮೆಲ್ವಿನಿಯಾ ನಾಲ್ಕು ಮಕ್ಕಳೊಂದಿಗೆ ಕಾಣಿಸುತ್ತಾಳೆ. ಕಸುಬಿನ ಜಾಗದಲ್ಲಿ ಹೊಲದ ಕೂಲಿ. ನಾಲ್ವರು ಮಕ್ಕಳಲ್ಲಿ ಮೂವರ ಮೈಬಣ್ಣದ ಅಂಕಣದಲ್ಲಿ ಗಣತಿದಾರ ಮಿಶ್ರವರ್ಣ ಎಂದು ಗುರುತು ಹಾಕಿದ್ದಾನೆ. ಅಪ್ಪ ಯಾರೆಂದು ಹಾಳೆ ಹೇಳುವುದಿಲ್ಲ, ಕೇಳುವುದೂ ಇಲ್ಲ. ಗಣತಿಯನ್ನು ಓದಲು ಬಲ್ಲವರ ಕಣ್ಣು ಇಲ್ಲಿ ಪಕ್ಕದ ಸಾಲಿಗೆ ಹೋಗುತ್ತದೆ. ಗಣತಿದಾರ ನಡೆದುಕೊಂಡು ಮನೆಯಿಂದ ಮನೆಗೆ ಹೋಗುತ್ತಿದ್ದವನು. ಆದ್ದರಿಂದ ಹಾಳೆಯಲ್ಲಿ ಹಿಂದೆ ಮುಂದೆ ಇರುವ ಹೆಸರುಗಳು ನೆಲದ ಮೇಲೂ ನೆರೆಹೊರೆ. ಮೆಲ್ವಿನಿಯಾ ದುಡಿಯುತ್ತಿದ್ದ ಹೊಲದ ಬದಿಯಲ್ಲೇ ಹಳೆಯ ಒಡೆಯನ ಮಗ ಚಾರ್ಲ್ಸ್ ಶೀಲ್ಡ್ಸನ ಜಮೀನು. ಮಕ್ಕಳಿಗೂ ಶೀಲ್ಡ್ಸ್ ಎಂಬ ಹೆಸರೇ. ಮುಂದೆ ರೇಚಲ್ ಸ್ವಾರ್ನ್ಸ್ ಎಂಬ ಪತ್ರಕರ್ತೆ ಎರಡೂ ಕಡೆಯ ವಂಶಸ್ಥರ ಡಿಎನ್‌ಎ ಪರೀಕ್ಷೆಗಳ ಬೆಂಬಲದಿಂದ, ಮೆಲ್ವಿನಿಯಾಳ ಹಿರಿಮಗ ಡಾಲ್ಫಸ್‌ನ ತಂದೆ ಈ ಚಾರ್ಲ್ಸನೇ ಇರಬೇಕೆಂದು 2012ರಲ್ಲಿ ತಮ್ಮ ಪುಸ್ತಕದಲ್ಲಿ ಬರೆದರು. ಆ ಹುಡುಕಾಟಕ್ಕೆ ಮೊದಲ ಸುಳಿವು ಕೊಟ್ಟದ್ದು ಒಂದು ಗಣತಿ ಹಾಳೆಯ ಎರಡು ಸಾಲುಗಳು.

ಡಾಲ್ಫಸ್ ಮುಂದಿನ ಗಣತಿಗಳಲ್ಲಿ ಬೆಳೆಯುತ್ತ ಹೋಗುತ್ತಾನೆ. ಅಲಬಾಮಾದ ಬರ್ಮಿಂಗ್‌ಹ್ಯಾಮಿಗೆ ಬಂದ, ಬಡಗಿಯಾದ, ಓದುಬರಹ ಬಲ್ಲವನಾದ, ಸ್ವಂತ ಮನೆ ಮಾಡಿದ, ಚರ್ಚುಗಳನ್ನು ಕಟ್ಟಲು ನಿಂತ. 1950ರಲ್ಲಿ ತೊಂಬತ್ತು ದಾಟಿ ತೀರಿಕೊಂಡ. ಅವನ ತಾಯಿಯ ಕೊನೆಯ ಕಾಗದ 1938ರ ಮರಣಪತ್ರ. ತಂದೆತಾಯಿಯ ಹೆಸರು ಬರೆಯಬೇಕಾದಲ್ಲಿ ‘ಗೊತ್ತಿಲ್ಲ’ ಎಂದಿದೆ. ಆರು ವರ್ಷಕ್ಕೇ ಪಾಲಿಗೆ ಹೋದ ಹುಡುಗಿಗೆ ತನ್ನ ಹೆತ್ತವರು ಯಾರೆಂಬುದು ಬಹುಶಃ ಕೊನೆಯವರೆಗೂ ತಿಳಿದಿರಲಿಲ್ಲ.

ರಾಜಮಹಾರಾಜರ ವಂಶಾವಳಿ ತಾಮ್ರಪಟದಲ್ಲಿದೆ, ಮಠಗಳ ಗುರುಪರಂಪರೆ ಕಡತದಲ್ಲಿದೆ. ಬಡಗಿಯ, ಕೂಲಿಯವಳ, ಜೀತದವನ ವಂಶಾವಳಿಯನ್ನು ಅವರ ಸ್ವಂತ ಹೆಸರಿನಲ್ಲಿ ಬರೆದಿಟ್ಟ ಸರ್ಕಾರಿ ಕಾಗದಗಳಲ್ಲಿ ಮೊದಲು ನಿಲ್ಲುವುದು ಜನಗಣತಿ. ಅದರ ಕಣ್ಣಿಗೆ ಜಮೀನಿದ್ದವನೂ ಒಂದು ಸಾಲು, ಇಲ್ಲದವನೂ ಒಂದು ಸಾಲು. ನಮ್ಮ ದೇಶದಲ್ಲಿ ಕಳೆದುಕೊಂಡದ್ದು ಅದನ್ನು. ಅದರಲ್ಲೂ ಹೆಣ್ಣುಮಕ್ಕಳದ್ದು ಇಮ್ಮಡಿ ನಷ್ಟ. ಬ್ರಿಟಿಷರ ಕಾಲದ ಗಣತಿದಾರರಿಗೆ ಕೊಟ್ಟ ಸೂಚನೆಯಲ್ಲೇ ಇತ್ತು: ಮನೆಯವರು ಹೆಂಗಸಿನ ಹೆಸರು ಹೇಳಲು ಒಪ್ಪದಿದ್ದರೆ ‘ಹೆಂಗಸು’ ಎಂದು ಬರೆದರೆ ಸಾಕು. ಗಂಡನ ಹೆಸರನ್ನು ಒಡಪು ಕಟ್ಟಿಯೇ ಹೇಳಬೇಕಾದ ನಾಡಿನಲ್ಲಿ ಹೆಂಡತಿಯ ಹೆಸರನ್ನು ಹೊರಗಿನವನಿಗೆ ಹೇಳಲು ಎಷ್ಟು ಮನೆಗಳು ಹಿಂಜರಿದಿರಬೇಕು. ಆ ಹಾಳೆಗಳು ಉಳಿದಿದ್ದರೂ ಎಷ್ಟೋ ಮುತ್ತಜ್ಜಿಯರು ಅಲ್ಲಿ ಒಂದು ವಯಸ್ಸು, ಒಂದು ಗುರುತು ಅಷ್ಟೇ ಆಗಿರುತ್ತಿದ್ದರು.

ಭಾರತದಲ್ಲಿ ಹೆಸರುಳ್ಳ ಗಣತಿ ದಾಖಲೆ ಜನರ ಬದುಕಿಗೆ ವಾಪಸು ಬಂದ ದೊಡ್ಡ ಪ್ರಸಂಗ ಒಂದಿದೆ. 1951ರ ಜನಗಣತಿಯ ಜೊತೆಗೆ, ಅದರ ವಿವರಗಳನ್ನೇ ಇಳಿಸಿಕೊಂಡು, ಹಳ್ಳಿವಾರಾಗಿ ಮನೆವಾರಾಗಿ ಪೌರರ ರಾಷ್ಟ್ರೀಯ ನೋಂದಣಿ ಪುಸ್ತಕ ತಯಾರಾಗಿತ್ತು. 2015ರಲ್ಲಿ ಅಸ್ಸಾಮಿನಲ್ಲಿ ಅದನ್ನು ಪರಿಷ್ಕರಿಸಲು ಹೊರಟಾಗ 3.3 ಕೋಟಿ ಜನ ತಮ್ಮ ಅಪ್ಪನೋ ತಾತನೋ 1951ರ ಆ ಪುಸ್ತಕದಲ್ಲಿ, ಅಥವಾ 1971ರ ಮಾರ್ಚ್ 24ರೊಳಗಿನ ಮತದಾರರ ಪಟ್ಟಿಯಂಥ ದಾಖಲೆಯಲ್ಲಿ ಇದ್ದಾನೆಂದು ತೋರಿಸಬೇಕಾಯಿತು. ತೋರಿಸಿದರೆ ಸಾಲದು, ಆ ತಾತನಿಗೂ ತನಗೂ ಇರುವ ಕೊಂಡಿಯನ್ನು ಇನ್ನೊಂದು ಕಾಗದದಿಂದ ಸಾಬೀತು ಮಾಡಬೇಕು. ಅಣ್ಣತಮ್ಮಂದಿರು, ದಾಯಾದಿಗಳು ಬೇರೆ ಬೇರೆಯಾಗಿ ಕೊಟ್ಟ ವಂಶವೃಕ್ಷಗಳನ್ನು ಒಂದಕ್ಕೊಂದು ತಾಳೆ ನೋಡಿದರು. ಬೇರೆ ದೇಶದವರು ಬಿಡುವಿನ ವೇಳೆಯಲ್ಲಿ ಪ್ರೀತಿಯಿಂದ ಮಾಡುವ ಕೆಲಸವನ್ನು ಇಲ್ಲಿ ಜನ ಎದೆ ಹಿಡಿದುಕೊಂಡು ಮಾಡಿದರು.

ಕಾಗದದಿಂದ ಕಾಗದಕ್ಕೆ ಹೆಸರಿನ ಅಕ್ಷರ ಬದಲಾಗಿದ್ದವರಿಗೆ ಕಷ್ಟವಾಯಿತು. ಎಲ್ಲರಿಗಿಂತ ಹೆಚ್ಚು ಕಷ್ಟವಾದದ್ದು ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳಿಗೆ. ಶಾಲೆಗೆ ಹೋಗಿಲ್ಲ, ಜನನಪತ್ರವಿಲ್ಲ, ಮತದಾರರ ಪಟ್ಟಿಯಲ್ಲಿ ಮೊದಲ ಸಲ ಹೆಸರು ಬಂದಾಗ ಇಂಥವನ ಹೆಂಡತಿ ಎಂದೇ ಬಂದಿದೆ. ಇಂಥವನ ಮಗಳು ಎಂಬುದಕ್ಕೆ ಕಾಗದವೆಲ್ಲಿ? ಲಕ್ಷಗಟ್ಟಲೆ ಹೆಂಗಸರು ಗ್ರಾಮ ಪಂಚಾಯಿತಿ ಕಾರ್ಯದರ್ಶಿಯ ಪ್ರಮಾಣಪತ್ರವನ್ನು ನೆಚ್ಚಿಕೊಂಡರು. ಅದು ನಡೆಯುವುದಿಲ್ಲವೆಂದು ಗುವಾಹಟಿ ಹೈಕೋರ್ಟ್ 2017ರಲ್ಲಿ ಹೇಳಿತು. ಪರಿಶೀಲಿಸಿ ಒಪ್ಪಬಹುದೆಂದು ಅದೇ ವರ್ಷ ಸುಪ್ರೀಂ ಕೋರ್ಟ್ ಹೇಳಿತು. 2019ರ ಆಗಸ್ಟ್ 31ರ ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು.

ಇದನ್ನು ನೋಡಿದವರು ಹೆಸರುಗಳನ್ನು ಉಳಿಸದಿರುವುದೇ ಕ್ಷೇಮ ಎಂದರೆ ಆ ಮಾತಿಗೆ ಆಧಾರವಿದೆ. ಅಮೆರಿಕದಲ್ಲೂ ಎರಡನೇ ಮಹಾಯುದ್ಧದ ಕಾಲದಲ್ಲಿ ಗಣತಿಯ ಗೋಪ್ಯತೆಯನ್ನು ಕಾನೂನಿನಿಂದಲೇ ಸಡಿಲಿಸಿ, ಜಪಾನಿ ಮೂಲದವರು ಯಾವ ಬೀದಿಯಲ್ಲಿ ಎಷ್ಟಿದ್ದಾರೆಂಬ ಲೆಕ್ಕವನ್ನು ಅವರನ್ನು ಶಿಬಿರಗಳಿಗೆ ಸಾಗಿಸಲು ಬಳಸಿಕೊಂಡರು. ನಮ್ಮ 1948ರ ಜನಗಣತಿ ಕಾಯ್ದೆಯ 15ನೇ ಕಲಂ ಗಣತಿಯ ಪುಸ್ತಕವನ್ನು ಯಾರೂ ನೋಡುವಂತಿಲ್ಲ, ಅದರ ನಮೂದು ನ್ಯಾಯಾಲಯದಲ್ಲಿ ಸಾಕ್ಷಿಯಾಗುವಂತಿಲ್ಲ ಎನ್ನುತ್ತದೆ. ಜಾತಿ ಬರೆಸುವ ದೇಶದಲ್ಲಿ ಈ ಬೀಗ ಬೇಕೇ ಬೇಕು. ಬದುಕಿರುವವರ ಒಂದು ಅಕ್ಷರವೂ ಹೊರಹೋಗಬಾರದು. ನನ್ನ ತಕರಾರು ಬೀಗದ ಬಗ್ಗೆ ಅಲ್ಲ, ಆ ಬೀಗಕ್ಕೆ ತೆರೆಯುವ ತಾರೀಖೇ ಇಲ್ಲದಿರುವುದರ ಬಗ್ಗೆ.

ಹಾಗಾದರೆ ಕನ್ನಡ ನಾಡಿನ ಮನೆಗಳು ಎಲ್ಲಿ ಹುಡುಕಬೇಕು? ಉತ್ತರ ಕರ್ನಾಟಕದವರಿಗೆ ಮೊದಲು ನೆನಪಾಗುವವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತು ಹೊಡೆದುಕೊಂಡು ಬಂದು, ಅಂಗಳದಲ್ಲಿ ನಿಂತು ಮನೆತನದ ಹಿರಿಯರ ಹೆಸರುಗಳನ್ನು ತಲೆಮಾರುಗಟ್ಟಲೆ ಹೇಳಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಂಡು, ಕಾಳು ಪಡೆದು ಹೋಗುವವರು. ಮೂಲ ಊರು ಯಾವುದು, ಯಾವ ಬರಕ್ಕೆ ಊರು ಬಿಟ್ಟಿರಿ ಎಂಬುದೂ ಅವರ ಪುಸ್ತಕದಲ್ಲಿ ಸಿಗುತ್ತದೆ. ಅವರ ಮಕ್ಕಳು ಬೇರೆ ಕೆಲಸ ಹಿಡಿಯುತ್ತಿದ್ದಾರೆ, ಹಿಡಿಯಲೇಬೇಕು. ಅಂಥವರು ಮನೆಗೆ ಬಂದರೆ ಕೂರಿಸಿ, ಕೇಳಿ, ಧ್ವನಿಮುದ್ರಿಸಿಕೊಳ್ಳಿ, ಅವರ ಶ್ರಮಕ್ಕೆ ತಕ್ಕದ್ದನ್ನು ಕೊಡಿ. ಕರಾವಳಿಯ ಕ್ರೈಸ್ತ ಮನೆಗಳಿಗೆ ಚರ್ಚಿನ ಜ್ಞಾನಸ್ನಾನದ ಪುಸ್ತಕವಿದೆ.

ಉಳಿದವರಿಗೆ ಸಿಗುವುದು ಕಂದಾಯದ ದಾಖಲೆ. ಪಹಣಿ, ಮ್ಯುಟೇಷನ್, ಇನಾಂ ಕಡತ. ಧಾರವಾಡ ಬೆಳಗಾವಿ ಕಡೆಯ ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿರಬಹುದು, ಕಲಬುರಗಿ ಬೀದರ್ ಕಡೆಯವು ಉರ್ದುವಿನಲ್ಲಿ. ಓದಿಸಲು ಬಲ್ಲವರನ್ನು ಹುಡುಕಬೇಕು. ಕಷ್ಟವೆಂದರೆ ಈ ಪುಸ್ತಕಗಳು ಮಣ್ಣಿನವು. ನೆಲವಿದ್ದವನಿಗೆ ಮಾತ್ರ ಅಲ್ಲಿ ವಂಶವಿದೆ.

ನೆಲವಿಲ್ಲದವರು ಸಿಗುವ ಒಂದು ಜಾಗವನ್ನು ಬಹಳ ಜನ ಮರೆತುಬಿಟ್ಟಿದ್ದಾರೆ. 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದಾಗ ಗೇಣಿದಾರರು ತಾವು ಉಳುತ್ತಿದ್ದ ನೆಲಕ್ಕೆ ಹಕ್ಕು ಕೇಳಿ ನಮೂನೆ 7ರಲ್ಲಿ ಅರ್ಜಿ ಹಾಕಿದರು. ಆ ಅರ್ಜಿಗಳನ್ನು ವಿಚಾರಿಸಿದ್ದು ಭೂ ನ್ಯಾಯಮಂಡಳಿ. ಇಂಥ ಕಡತದಲ್ಲಿ ಅರ್ಜಿದಾರನ ಹೇಳಿಕೆ, ಒಡೆಯನ ತಕರಾರು, ಪಕ್ಕದ ಹೊಲದವರ ಸಾಕ್ಷಿ, ಗೇಣಿ ಚೀಟಿ ಇರುತ್ತವೆ. ‘ಈ ಗದ್ದೆಯನ್ನು ನನ್ನ ತಂದೆ ಮಾಡುತ್ತಿದ್ದರು, ಅವರ ತಂದೆಯೂ ಮಾಡುತ್ತಿದ್ದರು’ ಎಂಬಂಥ ಹೇಳಿಕೆಯ ಕೆಳಗೆ ಒಂದು ಹೆಬ್ಬೆಟ್ಟು. ಎಷ್ಟೋ ಗೇಣಿದಾರ ಮನೆತನಗಳ ಮಟ್ಟಿಗೆ ಇದೇ ನಮ್ಮ 1870. ಮೂರು ತಲೆಮಾರು ಒಂದೇ ಕಾಗದದಲ್ಲಿ, ಅದೂ ಅವರದೇ ಬಾಯಿಮಾತಿನಲ್ಲಿ ಸಿಗುವ ಜಾಗ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಗೆದ್ದಲು ಹಿಡಿಯುವ ಮೊದಲು ಇವುಗಳ ನಕಲು ಪಡೆಯಬೇಕು. ಇವನ್ನು ಸ್ಕ್ಯಾನ್ ಮಾಡಿಸುವುದು ಸರ್ಕಾರ ಮೊದಲು ಕೈಗೆತ್ತಿಕೊಳ್ಳಬೇಕಾದ ಕೆಲಸ ಎಂದು ನನಗೆ ಅನ್ನಿಸುತ್ತದೆ. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡಿದವರು ಇದರಲ್ಲೂ ಇಲ್ಲ. ಅವರ ಪಾಲಿಗೆ ಊರ ಶಾಲೆಯ ದಾಖಲಾತಿ ಪುಸ್ತಕವೇ ಮೊದಲ ಸಾಲು: ಮಗುವಿನ ಹೆಸರು, ತಂದೆಯ ಹೆಸರು, ಊಹೆಯಿಂದ ಬರೆದ ಹುಟ್ಟಿದ ದಿನ.

ಹೆಣ್ಣುಮಕ್ಕಳ ಹೆಸರು ಇಂದಿಗೂ ಬಿಟ್ಟುಹೋಗುತ್ತಿರುವುದು ಪೌತಿ ಖಾತೆಗಾಗಿ ನಾಡಕಚೇರಿಯಲ್ಲಿ ಮಾಡಿಸುವ ವಂಶವೃಕ್ಷದಲ್ಲಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, ಕೇಂದ್ರ 2005ರಲ್ಲಿ ಮಾಡಿತು. ಆದರೂ ಪಾಲು ಕೇಳಿಯಾಳೆಂಬ ಭಯಕ್ಕೆ ಅಕ್ಕತಂಗಿಯರನ್ನು ಪಟ್ಟಿಯಿಂದ ಕೈಬಿಡುವ ಮನೆಗಳಿವೆ. ಆಸ್ತಿಯ ಅನ್ಯಾಯ ಒಂದು ಕಡೆ ಇರಲಿ. ನೂರು ವರ್ಷದ ಮೇಲೆ ಅವಳ ಮರಿಮಗಳು ತನ್ನ ಬೇರು ಹುಡುಕಿಕೊಂಡು ಬಂದರೆ ಆ ಮನೆಯಲ್ಲಿ ಅಂಥವಳೊಬ್ಬಳು ಹುಟ್ಟಿಯೇ ಇರಲಿಲ್ಲವೆಂದು ಸರ್ಕಾರಿ ಮುದ್ರೆಯ ಕಾಗದ ಹೇಳುತ್ತದೆ.

ಮುಂದಿನ ಜನಗಣತಿಯನ್ನು 2027ರ ಮಾರ್ಚ್ 1ಕ್ಕೆ ಗೊತ್ತು ಮಾಡಿದ್ದಾರೆ. ಎಲ್ಲ ಜಾತಿಗಳ ಎಣಿಕೆಯೂ ಇದೆ, ವಿವರಗಳು ಮೊಬೈಲ್ ಆ್ಯಪಿನಲ್ಲಿ ದಾಖಲಾಗುತ್ತವೆ. ಕೋಟಿಗಟ್ಟಲೆ ಹಾಳೆ ಇಡಲು ಜಾಗವಿಲ್ಲ ಎಂಬ ಹಳೆಯ ನೆಪ ಇನ್ನು ನಡೆಯುವುದಿಲ್ಲ. ಸಂಸತ್ತು ಮಾಡಬೇಕಾದದ್ದು ಇಷ್ಟು: 15ನೇ ಕಲಮಿನ ಗೋಪ್ಯತೆಯನ್ನು ಹಾಗೆಯೇ ಬಿಗಿಯಾಗಿಟ್ಟು, ಪೌರತ್ವದ ತನಿಖೆಗಾಗಲಿ ಪೊಲೀಸರಿಗಾಗಲಿ ಈ ವಿವರ ಸಿಗದಂತೆ ಮಾಡಿ, ನೂರು ವರ್ಷ ತುಂಬಿದ ಮೇಲೆ ರಾಷ್ಟ್ರೀಯ ಪತ್ರಾಗಾರಕ್ಕೆ ಒಪ್ಪಿಸಬೇಕೆಂದು ಒಂದು ಉಪಕಲಂ ಸೇರಿಸುವುದು. ಹಾಗೆ ಮಾಡಿದರೆ 2127ರಲ್ಲಿ ಒಬ್ಬ ಕೂಲಿ ಹೆಂಗಸಿನ ಹೆಸರು, ಅವಳ ಊರು, ಅವಳು ಆಡುತ್ತಿದ್ದ ಮಾತು ಅವಳ ಮರಿಮೊಮ್ಮಕ್ಕಳಿಗೆ ಸಿಗುತ್ತದೆ. ಗಣತಿದಾರರು ಬಾಗಿಲಿಗೆ ಬಂದಾಗ ಮನೆಯ ಹೆಂಗಸರ ಹೆಸರನ್ನು ಪೂರ್ತಿಯಾಗಿ, ಅವರು ಹೇಳಿದಂತೆಯೇ ಬರೆಸುವುದು ನಮ್ಮ ಕೈಯಲ್ಲಿದೆ.